ಭಾನುವಾರ ಮಳೆ ಬಂದರೆ ನಡಿಗೆ ಇದೆಯಾ? ತುಮಕೂರಿನ ಬೆಟ್ಟ ಹತ್ತುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಶನಿವಾರ ರಾತ್ರಿ ಒಂಬತ್ತಾದರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದೇ ರಾಗ. “ಕ್ಯಾತ್ಸಂದ್ರದ ಕಡೆ ಮೋಡ ಕಟ್ಟಿದೆ, ನಾಳೆ ಇದೆಯಾ?” “ಶಿರಾ ಗೇಟ್ ಹತ್ರ ನಕ್ಷತ್ರ ಕಾಣ್ತಿವೆ, ಇದೆ ಅಲ್ವಾ?” ನಾವು ಹದಿನೈದಿಪ್ಪತ್ತು ಜನ. ತುಮಕೂರಿನ ಸುತ್ತಮುತ್ತಲ ಬೆಟ್ಟಗಳನ್ನು ಭಾನುವಾರ ಹತ್ತುತ್ತೇವೆ. ವರ್ಷಕ್ಕೊಮ್ಮೆ ಸರ್ಕಾರಿ ಶಾಲೆ ಮಕ್ಕಳ ನೋಟ್‌ಬುಕ್ಕು, ಬ್ಯಾಗಿಗೆ ಅಂತ ಊರೊಳಗೆ ಒಂದು ಸಹಾಯಾರ್ಥ ನಡಿಗೆ ಮಾಡುತ್ತೇವೆ. ನಮ್ಮದು ಸಂಘವೂ ಅಲ್ಲ, ಟ್ರಸ್ಟೂ ಅಲ್ಲ. ಲೆಟರ್‌ಹೆಡ್ ಕೂಡ ಇಲ್ಲ. ಹೇಳಿದ್ದನ್ನೇ ಟೈಪ್ ಮಾಡಿ ಮಾಡಿ ಬೆರಳು ಸವೆದ ಮೇಲೆ ಇದನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ಮಳೆ ಬಂದರೆ ನಡಿಗೆ ಇದೆಯೋ ಇಲ್ಲವೋ?

ತುಂತುರು ಇದ್ದರೆ ಇದೆ. ಗುಡುಗು ಇದ್ದರೆ ಇಲ್ಲ. ಬೆಳಿಗ್ಗೆ 4:30ಕ್ಕೆ ಗುಂಪಿನಲ್ಲಿ ಒಂದು ಸಾಲು ಬರುತ್ತದೆ, ಅದೇ ಕೊನೆಯ ಮಾತು. ಹಿಂದಿನ ರಾತ್ರಿ ಏನೂ ಹೇಳುವುದಿಲ್ಲ. ನಮ್ಮ ಕಡೆ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನ ಹುಟ್ಟಿ ಸಂಜೆ ಸುರಿದು ರಾತ್ರಿ ಹೊತ್ತಿಗೆ ಸುಸ್ತಾಗುತ್ತದೆ. ರಾತ್ರಿ ಎಂಟಕ್ಕೆ ಆಕಾಶ ಹರಿದು ಬೀಳುವ ಹಾಗೆ ಸುರಿದಿದ್ದರೂ ಬೆಳಿಗ್ಗೆ ಐದಕ್ಕೆ ತೊಳೆದಿಟ್ಟ ಪಾತ್ರೆ ಹಾಗೆ ಇರುತ್ತದೆ. ರಾತ್ರಿಯ ಮಳೆ ನೋಡಿ ಬೆಳಗಿನ ನಡಿಗೆ ಬಿಟ್ಟವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಎದ್ದು ಕಿಟಕಿ ತೆಗೆದ ಮೇಲೆ ಕೈ ಕೈ ಹಿಸುಕಿಕೊಳ್ಳುತ್ತಾರೆ.

ನಮ್ಮದು ಬಯಲುಸೀಮೆ. ಇಲ್ಲಿ ಮಳೆಗೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ?

ಒಳ್ಳೆ ಪ್ರಶ್ನೆ. ನಿಜ ಹೇಳಬೇಕೆಂದರೆ ನಾನು ಮಳೆಗಿಂತ ಬಿಸಿಲಿಗೆ ಜಾಸ್ತಿ ಹೆದರುತ್ತೇನೆ. ಪಾವಗಡದಲ್ಲಿ ಎರಡು ಸಾವಿರ ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಸುಮ್ನೆ ಬಂದು ಕೂತಿಲ್ಲ ಅಲ್ವಾ? ನಮ್ಮ ಬೆಟ್ಟಗಳು ಬೋಳು ಬಂಡೆಯವು. ಮಲೆನಾಡಿನ ಹಾಗೆ ಮರದ ನೆರಳಿಲ್ಲ. ಬೆಳಿಗ್ಗೆ ಹತ್ತರ ಮೇಲೆ ಬಂಡೆ ಕಾಯಲು ಶುರುವಾದರೆ ತಲೆ ಮೇಲಿನ ಬಿಸಿಲು ಒಂದು ಕಡೆ, ಕಾಲ ಕೆಳಗಿನ ಕಾವು ಇನ್ನೊಂದು ಕಡೆ. ಹಂಚಿನ ಮೇಲಿನ ರೊಟ್ಟಿ ಥರ ಎರಡೂ ಕಡೆ ಬೇಯುತ್ತೇವೆ.

ಇಷ್ಟು ವರ್ಷದಲ್ಲಿ ನಾನು ಕಲಿತದ್ದು ಒಂದೇ. ಇಲ್ಲಿ ತಿಂಗಳಿಗಿಂತ ಗಂಟೆ ಮುಖ್ಯ. ಏಪ್ರಿಲ್‌ನಲ್ಲೂ ಬೆಟ್ಟ ಹತ್ತಬಹುದು, ಬೆಳಿಗ್ಗೆ ಆರಕ್ಕೆ ಶುರು ಮಾಡಿ ಒಂಬತ್ತಕ್ಕೆ ಕೆಳಗಿದ್ದರೆ. ಜನವರಿಯಲ್ಲೂ ತಲೆ ಸುತ್ತಿ ಬೀಳಬಹುದು, ಹನ್ನೊಂದಕ್ಕೆ ಶುರು ಮಾಡಿದರೆ. ಬೇಸಿಗೆಯ ಗುಡುಗು ಮಳೆಗೂ ಇದೇ ಲೆಕ್ಕ. ನೆಲ ಕಾದು, ಬಿಸಿ ಗಾಳಿ ಮೇಲೇರಿ, ಮಧ್ಯಾಹ್ನದ ಮೇಲೆ ಮೋಡ ಕಟ್ಟಬೇಕು. ಬೇಗ ಹೋಗಿ ಬೇಗ ಇಳಿದವರಿಗೆ ಬಿಸಿಲೂ ಸಿಗುವುದಿಲ್ಲ, ಸಿಡಿಲೂ ಸಿಗುವುದಿಲ್ಲ.

ಆದರೂ ವರ್ಷದಲ್ಲಿ ಯಾವ ತಿಂಗಳು ಚೆನ್ನ?

ಕ್ಯಾಲೆಂಡರ್ ಬಿಟ್ಟು ಮಳೆ ನಕ್ಷತ್ರ ಹಿಡಿದು ಹೇಳುತ್ತೇನೆ. ನಮ್ಮಜ್ಜಿಗೆ ಅದೇ ಹವಾಮಾನ ಇಲಾಖೆ.

ಏಪ್ರಿಲ್ ಕೊನೆಯಿಂದ ಭರಣಿ, ಆಮೇಲೆ ಕೃತ್ತಿಕೆ. “ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ” ಅಂತ ರೈತರಿಗೆ ಖುಷಿ. ಬೆಟ್ಟ ಹತ್ತುವವರಿಗೆ ಇದು ಎಚ್ಚರದ ಕಾಲ. ಗುಡುಗು, ಸಿಡಿಲು, ಬಿರುಗಾಳಿ, ಒಮ್ಮೊಮ್ಮೆ ಆಲಿಕಲ್ಲು, ಎಲ್ಲ ಒಂದೇ ಸಂಜೆಯಲ್ಲಿ ಬರುತ್ತವೆ. ಮಧ್ಯಾಹ್ನದ ಮೇಲೆ ಬೆಟ್ಟದ ಕಡೆ ತಲೆ ಹಾಕಬೇಡಿ.

ಜೂನ್ ಕೊನೆಯಿಂದ ಆಗಸ್ಟ್‌ವರೆಗೆ, ಅಂದರೆ ಮೃಗಶಿರ ಕಳೆದು ಆರಿದ್ರಾ, ಪುನರ್ವಸು, ಪುಷ್ಯ ನಡೆಯುವಾಗ, ನನ್ನ ಪ್ರಕಾರ ತುಮಕೂರಿಗೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಮುಂಗಾರು ಮೋಡ ಪಶ್ಚಿಮ ಘಟ್ಟದ ಮೇಲೆ ಸುರಿದು, ಹಗುರಾಗಿ, ನಮ್ಮ ತಲೆ ಮೇಲೆ ಸುಮ್ಮನೆ ಓಡುತ್ತಿರುತ್ತದೆ. ಬಿಸಿಲಿಲ್ಲ, ದೊಡ್ಡ ಮಳೆ ಅಪರೂಪ, ಆಗಾಗ ಸೋನೆ. ಗಾಳಿ ಮಾತ್ರ ಜೋರು. ಟೋಪಿ ಹಾರಿ ಹೋಗುತ್ತದೆ, ಕಟ್ಟಿಕೊಳ್ಳಿ.

ಸೆಪ್ಟೆಂಬರ್, ಅಕ್ಟೋಬರ್ ನಮ್ಮ ನಿಜವಾದ ಮಳೆಗಾಲ. ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ. ಜಿಲ್ಲೆಯ ಕೆರೆಗಳು ತುಂಬುವುದು ಈ ಮಳೆಗೇ. ಚಿತ್ತೆಗೆ ಹಳ್ಳಿಗಳಲ್ಲಿ ಕುರುಡು ಚಿತ್ತೆ ಅನ್ನುತ್ತಾರೆ, ಎರಚಿದ ಕಡೆಯೇ ಬೆಳೆ. ಗುಬ್ಬಿಯಲ್ಲಿ ಕೋಡಿ ಬಿದ್ದಿರುತ್ತದೆ, ಹತ್ತು ಮೈಲಿ ಆಚೆ ಧೂಳು ಏಳುತ್ತಿರುತ್ತದೆ. ಬೆಟ್ಟ ಹಸಿರಾಗಿ ನೋಡಲು ಚೆನ್ನಾಗಿರುವುದೂ ಆಗಲೇ. ಹೋಗಿ, ಆದರೆ ದಿನ ನೋಡಿಕೊಂಡು.

ನವೆಂಬರ್, ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಎರಡು ಮೂರು ದಿನ ಬಿಡದೆ ಜಿಟಿಜಿಟಿ. ಇಲ್ಲದಿದ್ದರೆ ಮಂಜು, ಚಳಿ, ಸೊಗಸು. ಫೆಬ್ರವರಿ, ಮಾರ್ಚ್‌ನಲ್ಲಿ ಒಣ ಬಾದೆ ಹುಲ್ಲಿಗೆ ಬೆಂಕಿ ಬೀಳುವ ಭಯ. ಅರಣ್ಯ ಇಲಾಖೆಯವರು ಬೇಡ ಅಂದರೆ ವಾದ ಮಾಡಬೇಡಿ. ಬೀಡಿ, ಸಿಗರೇಟು ಮನೆಯಲ್ಲೇ ಬಿಟ್ಟು ಬನ್ನಿ.

ಫೋನಿನಲ್ಲಿ 80 ಪರ್ಸೆಂಟ್ ಮಳೆ ಅಂತ ತೋರಿಸ್ತಿದೆ. ನಂಬಬೇಕಾ?

ನಂಬಿ, ಆದರೆ ಪೂರ್ತಿ ನಂಬಬೇಡಿ. ಅದು ಎಷ್ಟು ಹೊತ್ತಿಗೆ ಅಂತ ಕೆಳಗೆ ಬರೆದಿರುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಸಂಜೆ ಐದರ 80 ಪರ್ಸೆಂಟ್ ಕಟ್ಟಿಕೊಂಡು ಬೆಳಿಗ್ಗೆ ಆರರ ನಡಿಗೆಗೆ ಏನಾಗಬೇಕು?

ಇನ್ನೊಂದು ವಿಷಯ. ಹವಾಮಾನ ಇಲಾಖೆ ಹಳದಿ, ಕಿತ್ತಳೆ ಎಚ್ಚರಿಕೆ ಕೊಡುವುದು ಇಡೀ ಜಿಲ್ಲೆಗೆ. ನಮ್ಮ ಜಿಲ್ಲೆಯಲ್ಲಿ ಹತ್ತು ತಾಲ್ಲೂಕು. ಕುಣಿಗಲ್‌ನಲ್ಲಿ ಸುರಿದದ್ದು ಪಾವಗಡದವರಿಗೆ ಪೇಪರ್‌ನಲ್ಲಿ ಓದಿದರೆ ಮಾತ್ರ ಗೊತ್ತಾಗುತ್ತದೆ. ಹಾಗಂತ ಎಚ್ಚರಿಕೆಯನ್ನು ತಳ್ಳಿಹಾಕುವ ಹಾಗಿಲ್ಲ. ಇಲಾಖೆಯ ಭಾಷೆಯಲ್ಲಿ ‘ಭಾರೀ ಮಳೆ’ ಅಂದರೆ 24 ಗಂಟೆಯಲ್ಲಿ 64.5 ಮಿಲಿಮೀಟರ್‌ಗಿಂತ ಜಾಸ್ತಿ. ಬಂಡೆ ಬೆಟ್ಟದ ಮೇಲೆ ಅಷ್ಟು ನೀರು ಬಿದ್ದರೆ ಇಂಗಲು ಜಾಗವಿಲ್ಲ. ಎಲ್ಲವೂ ನಾವು ಹತ್ತುವ ದಾರಿಯಲ್ಲೇ ಇಳಿಯುತ್ತದೆ. ಕಿತ್ತಳೆ ಬಂದ ದಿನ ನಾವು ಬೆಟ್ಟ ಬಿಟ್ಟು ಊರೊಳಗಿನ ಅಮಾನಿಕೆರೆ ಸುತ್ತುತ್ತೇವೆ.

ಸಿಡಿಲಿಗೆ ‘ದಾಮಿನಿ’ ಅಂತ ಒಂದು ಆ್ಯಪ್ ಇದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಾಡಿದ್ದು. ಹತ್ತಿರದಲ್ಲಿ ಸಿಡಿಲು ಬೀಳುತ್ತಿದ್ದರೆ ತೋರಿಸುತ್ತದೆ. ಅದನ್ನು ಹಾಕಿಕೊಳ್ಳಿ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿಯನ್ನು ರೈತರಿಗಾಗಿ ಮಾಡಿದ್ದಾರೆ. ನಾವೂ ಕೇಳಬಹುದು, ಕನ್ನಡದಲ್ಲೇ ಹೇಳುತ್ತಾರೆ. ಅವರ ಮಳೆ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇರುವುದರಿಂದ ನಿಮ್ಮ ಬೆಟ್ಟದ ಬುಡದ ಊರಿನ ಲೆಕ್ಕವೇ ಸಿಗುತ್ತದೆ.

ಇದೆಲ್ಲದಕ್ಕಿಂತ ಮೊದಲು ನಾನು ಮಾಡುವುದು ಬೆಟ್ಟದ ಬುಡದ ಟೀ ಅಂಗಡಿಯವರಿಗೆ ಫೋನು. “ಅಣ್ಣ, ರಾತ್ರಿ ಹುಯ್ತಾ?” ಅಂದರೆ ಸಾಕು. ಬಂಡೆ ಒಣಗಿದೆಯೋ ಇಲ್ಲವೋ ಅಂತ ಅವರಷ್ಟು ಸರಿಯಾಗಿ ಯಾವ ಉಪಗ್ರಹವೂ ಹೇಳುವುದಿಲ್ಲ.

ಬೆಟ್ಟದ ಮೇಲಿರುವಾಗಲೇ ಗುಡುಗು ಶುರುವಾದರೆ?

ಇಳಿಯಲು ಶುರು ಮಾಡಿ. ತುದಿ ಇನ್ನು ಹತ್ತೇ ನಿಮಿಷ ಇದ್ದರೂ ಸರಿ. ಫೋಟೋ ಬೇಡ.

ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಅಂದರೆ ಮುಂದಿನದು ನಿಮ್ಮ ಹತ್ತಿರವೂ ಬೀಳಬಹುದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಮತ್ತೆ ಹತ್ತುವ ಮಾತಿಲ್ಲ.

ಒಂಟಿ ಮರದ ಕೆಳಗೆ ನಿಲ್ಲಬೇಡಿ. ಧ್ವಜ ಕಂಬ, ಮಂಟಪದ ಕಂಬಕ್ಕೆ ಒರಗಬೇಡಿ. ಕಬ್ಬಿಣದ ಕಂಬಿ ಹಿಡಿದು ನಿಲ್ಲಬೇಡಿ. ಬಂಡೆಯ ಚಾಚಿನ ಕೆಳಗೆ, ಚಿಕ್ಕ ಗವಿಯ ಬಾಯಲ್ಲಿ ಕೂರುವುದು ಜನಕ್ಕೆ ಸಹಜವಾಗಿ ಬರುವ ಬುದ್ಧಿ. ಅದೂ ತಪ್ಪು, ಯಾಕೆಂದರೆ ಬಂಡೆಯ ಮೇಲೆ ಬಿದ್ದದ್ದು ಅಂಚಿನಿಂದ ನೆಲಕ್ಕೆ ಹಾರುತ್ತದೆ. ಗಟ್ಟಿ ಕಟ್ಟಡದ ಒಳಗೆ ಅಥವಾ ಕಿಟಕಿ ಏರಿಸಿದ ಕಾರಿನಲ್ಲಿ ಕೂರುವುದು ಒಳ್ಳೇದು. ಎರಡೂ ಇಲ್ಲದೆ ಬಯಲಲ್ಲಿ ಸಿಕ್ಕಿಬಿದ್ದರೆ ಒಬ್ಬರಿಗೊಬ್ಬರು ದೂರ ಸರಿದು, ಎರಡೂ ಪಾದ ಜೋಡಿಸಿ, ತಲೆ ತಗ್ಗಿಸಿ, ಕಿವಿ ಮುಚ್ಚಿ ಕುಕ್ಕರುಗಾಲಲ್ಲಿ ಕೂರಿ. ಮಲಗಬೇಡಿ.

ಯಾರಿಗಾದರೂ ಸಿಡಿಲು ಹೊಡೆದರೆ ಮುಟ್ಟಲು ಹೆದರಬೇಡಿ. ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ಎದೆ ಒತ್ತಲು ಶುರು ಮಾಡಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಮಧುಗಿರಿ ಬೆಟ್ಟವನ್ನು ಮಳೆಯಲ್ಲಿ ಹತ್ತಬಹುದಾ?

ಬೇಡ. ಇದೊಂದಕ್ಕೆ ನನ್ನ ಉತ್ತರ ಯಾವತ್ತೂ ಬದಲಾಗಿಲ್ಲ.

ಮಧುಗಿರಿ ಅಂದರೆ ಒಂದೇ ಬಂಡೆ. ಏಷ್ಯಾದ ಎರಡನೇ ದೊಡ್ಡ ಏಕಶಿಲೆ ಅಂತ ಊರವರು ಹೆಮ್ಮೆಯಿಂದ ಹೇಳುತ್ತಾರೆ. ಸಮುದ್ರ ಮಟ್ಟದಿಂದ ಸುಮಾರು 1,190 ಮೀಟರ್. ಕೆಳಗಿನ ಕೋಟೆ ಬಾಗಿಲುಗಳವರೆಗೆ ಮೆಟ್ಟಿಲಿವೆ, ಮಕ್ಕಳೂ ಹೋಗಬಹುದು. ಅದಾದ ಮೇಲೆ ಕಡಿದಾದ ಬಂಡೆ. ಬಂಡೆಯಲ್ಲಿ ಪಾದ ಇಡುವಷ್ಟು ಗುಳಿ ಕಡಿದಿದ್ದಾರೆ, ಕೆಲವು ಕಡೆ ಕಂಬಿ ಇದೆ. ಒಣಗಿದ್ದಾಗ ಅದು ಉಪ್ಪು ಕಾಗದದ ಹಾಗೆ ಕಾಲು ಹಿಡಿಯುತ್ತದೆ. ಒದ್ದೆಯಾದರೆ ಅದೇ ಬಂಡೆ ಸೋಪು ಸವರಿದ ಹಾಗೆ.

ದೂರದಿಂದ ನೋಡಿದರೆ ಬಂಡೆಯ ಮೇಲೆ ಉದ್ದುದ್ದ ಕಪ್ಪು ಪಟ್ಟೆಗಳು ಕಾಣುತ್ತವೆ ಅಲ್ವಾ? ಅವು ಮಳೆ ನೀರು ಹರಿಯುವ ದಾರಿ. ಅಲ್ಲಿ ಪಾಚಿ ಕಟ್ಟಿ ಒಣಗಿ ಕಪ್ಪಾಗಿರುತ್ತದೆ. ಒಣಗಿದ್ದಾಗ ನಿರುಪದ್ರವಿ. ನಾಲ್ಕು ಹನಿ ಬಿದ್ದರೆ ಸಾಕು, ಪಾಚಿಗೆ ಜೀವ ಬರುತ್ತದೆ. ಎಂಥ ಶೂ ಹಾಕಿದ್ದರೂ ಜಾರುತ್ತದೆ. ಹಾಗಾಗಿ ಮಳೆ ನಿಂತ ಮೇಲೂ ಬಿಳಿ ಬಂಡೆ ಮೇಲೆ ಕಾಲಿಡಿ, ಕಪ್ಪು ಪಟ್ಟೆ ದಾಟಲೇಬೇಕಾದರೆ ಕೂತು ದಾಟಿ. ಮಾನ ಹೋಗಲ್ಲ. ಹತ್ತುವಾಗ ಗೊತ್ತಾಗುವುದಿಲ್ಲ, ಇಳಿಯುವಾಗಲೇ ಇದರ ಬಣ್ಣ ತಿಳಿಯುವುದು. ರಾತ್ರಿ ಮಳೆಯಾಗಿದ್ದರೆ ಎರಡು ಮೂರು ಗಂಟೆ ಬಿಸಿಲು ಬಿದ್ದ ಮೇಲೆ ಹತ್ತಬಹುದು ಅನ್ನುತ್ತಾರೆ ಕೆಲವರು. ಆಗ ಹೊತ್ತು ಮೀರಿ ಬಿಸಿಲಿಗೆ ಸಿಗುತ್ತೀರಿ. ಅದಕ್ಕೇ ಅಂಥ ದಿನ ನಾವು ಮೇಲಿನ ಬಂಡೆ ಬಿಟ್ಟು ಕೋಟೆ ಬಾಗಿಲವರೆಗೆ ಹೋಗಿ ಬರುತ್ತೇವೆ.

ಹೊಸಬರು ಯಾವ ಬೆಟ್ಟದಿಂದ ಶುರು ಮಾಡಬೇಕು?

ಮಂದರಗಿರಿ. ಪಂಡಿತನಹಳ್ಳಿ ಹತ್ತಿರದ ಬಸದಿ ಬೆಟ್ಟ. ನಾನೂರಕ್ಕೂ ಹೆಚ್ಚು ಮೆಟ್ಟಿಲು, ಮೇಲೆ ಹಳೆಯ ಜೈನ ಬಸದಿಗಳು, ಹಿಂದೆ ಮೈದಾಳ ಕೆರೆ. ಕೆಳಗೆ ಜೈನ ಮುನಿಗಳು ಕೈಯಲ್ಲಿ ಹಿಡಿಯುವ ನವಿಲುಗರಿಯ ಪಿಂಛಿಯ ಆಕಾರದಲ್ಲಿ ಕಟ್ಟಿದ ಗುರು ಮಂದಿರವೂ ಇದೆ. ಮಳೆ ಬಂದರೆ ಇಪ್ಪತ್ತು ನಿಮಿಷದಲ್ಲಿ ಕೆಳಗೆ ಇರಬಹುದು. ಹೊಸಬರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಕಾ?

ಎರಡನೆಯದು ಕೊರಟಗೆರೆ ಕಡೆಯ ಸಿದ್ಧರ ಬೆಟ್ಟ. ಅಲ್ಲೂ ಮೆಟ್ಟಿಲಿವೆ, ಗಿಡಮೂಲಿಕೆಗಳಿಗೆ ಹೆಸರು. ಗವಿಯ ಒಳಗೆ ಒದ್ದೆ ಇರುತ್ತದೆ, ನಿಧಾನ. ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ ಮೂರನೆಯದು, ಅದಾದ ಮೇಲೆ ಚನ್ನರಾಯನದುರ್ಗ. ಮಧುಗಿರಿ ಕೊನೆಗೆ.

ದೇವರಾಯನದುರ್ಗಕ್ಕೆ ಕತ್ತಲಲ್ಲೇ ಹೋಗಿ ಸೂರ್ಯೋದಯ ನೋಡಬಹುದಾ?

ಕಾಡಿನ ದಾರಿಯಲ್ಲಿ ಕತ್ತಲಲ್ಲಿ ನಡೆದು ಹೋಗಬೇಡಿ. ಚಿರತೆ ಇದೆ, ಕರಡಿ ಇದೆ. ಕರಡಿ ಬೆಳಗಿನ ಜಾವ ಹೊಟ್ಟೆ ತುಂಬಿಸಿಕೊಂಡು ಬಂಡೆಯ ಸಂದಿಗೆ ವಾಪಸ್ ಹೋಗುವ ಹೊತ್ತು ಅದು. ಮಂಜಿದ್ದರೆ ಅದು ನಿಮಗೂ ಕಾಣುವುದಿಲ್ಲ, ನೀವು ಅದಕ್ಕೂ ಕಾಣುವುದಿಲ್ಲ. ಚೆನ್ನಾಗಿ ಬೆಳಕು ಹರಿದ ಮೇಲೆ, ಮಾತಾಡಿಕೊಂಡು, ಗುಂಪಾಗಿ ಹೋಗಿ.

ಆದರೆ ದುರ್ಗವನ್ನು ಮೋಡದ ದಿನವೇ ನೋಡಬೇಕು. ಊರಿಂದ ಹದಿನೈದು ಕಿಲೋಮೀಟರ್. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ಜುಲೈನಲ್ಲಿ ಮೋಡ ದೇವಸ್ಥಾನದ ಮೆಟ್ಟಿಲ ಮೇಲೆ ನಮ್ಮ ಜೊತೆ ಹತ್ತುತ್ತದೆ. ಜಯಮಂಗಲಿ, ಶಿಂಷಾ ಎರಡೂ ಈ ಬೆಟ್ಟಸಾಲಿನಲ್ಲೇ ಹುಟ್ಟುತ್ತವೆ. ಒಂದು ಉತ್ತರಕ್ಕೆ ಹೋಗಿ ಪೆನ್ನಾರ್ ಸೇರುತ್ತದೆ, ಇನ್ನೊಂದು ದಕ್ಷಿಣಕ್ಕೆ ಹೋಗಿ ಕಾವೇರಿ ಸೇರುತ್ತದೆ. ಮಳೆಯಲ್ಲಿ ನಿಂತು ಇದನ್ನು ಯೋಚಿಸಿದರೆ ಮೈ ಜುಮ್ ಅನ್ನುತ್ತದೆ, ಚಳಿಗೋ ಏನೋ. ಹಕ್ಕಿ ನೋಡುವವರಿಗೆ ಹಳದಿ ಕತ್ತಿನ ಪಿಕಳಾರ ಇಲ್ಲಿದೆ. ಮಳೆ ಜಾಸ್ತಿಯಾದರೆ ನಾಮದ ಚಿಲುಮೆ ನೋಡಿಕೊಂಡು ವಾಪಸ್ ಬನ್ನಿ. ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ಬಾಣ ಬಿಟ್ಟು ನೀರು ತೆಗೆದ ಅನ್ನುವ ಜಾಗ.

ಛತ್ರಿನಾ, ರೇನ್‌ಕೋಟಾ?

ಬೆಟ್ಟಕ್ಕೆ ಛತ್ರಿ ಬೇಡ. ಗಾಳಿಗೆ ಮಗುಚಿಕೊಳ್ಳುತ್ತದೆ, ಒಂದು ಕೈ ಅದಕ್ಕೇ ಹೋಗುತ್ತದೆ. ಊರೊಳಗಿನ ನಡಿಗೆಗೆ ತನ್ನಿ, ಬಿಸಿಲಿಗೂ ಆಗುತ್ತದೆ. ಬೆಟ್ಟಕ್ಕೆ ತಲೆಯಿಂದ ಇಳಿಬಿಡುವ, ಬ್ಯಾಗ್ ಸಮೇತ ಮುಚ್ಚುವ ಮಳೆ ಅಂಗಿ ಒಳ್ಳೇದು. ಸ್ಕೂಟರ್ ರೇನ್‌ಕೋಟಿನಲ್ಲಿ ಒಳಗೇ ಬೆವತು ಮಳೆಗಿಂತ ಜಾಸ್ತಿ ನೆನೆಯುತ್ತೀರಿ. ನಮ್ಮ ಕಡೆ ಕುರಿ ಕಾಯುವವರು ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು ಇಡೀ ದಿನ ಸೋನೆಯಲ್ಲಿ ನಿಲ್ಲುತ್ತಾರೆ. ಒದ್ದೆಯಾದರೂ ಉಣ್ಣೆ ಬೆಚ್ಚಗಿರುತ್ತದೆ. ನಾನು ಒಮ್ಮೆ ಹಾಕಿ ನೋಡಿದೆ. ಬೆಚ್ಚಗಿದ್ದದ್ದು ನಿಜ, ಭಾರಕ್ಕೆ ಕತ್ತು ಮೂರು ದಿನ ತಿರುಗಲಿಲ್ಲ.

ಜೀನ್ಸ್ ಬೇಡ. ಒದ್ದೆಯಾದರೆ ತೊಡೆಗೆ ಅಂಟಿ ಕಾಲು ಎತ್ತಲಾಗುವುದಿಲ್ಲ. ಒಂದು ಜೊತೆ ಒಣ ಬಟ್ಟೆ ಗಾಡಿಯಲ್ಲಿ ಇಟ್ಟಿರಿ. ಫೋನಿಗೆ ಹಾಲಿನ ಕವರ್ ಸಾಕು, ತೊಳೆದು ಒಣಗಿಸಿದ್ದು.

ಯಾವ ಶೂ?

ಹಳೆಯದು. ಅಡಿ ಸವೆದಿರಬಾರದು ಅಷ್ಟೆ. ಹೊಸ ಶೂ ಕಚ್ಚುತ್ತದೆ.

ನೀರು, ತಿಂಡಿ ಏನು ತರಬೇಕು?

ಒಬ್ಬರಿಗೆ ಎರಡು ಲೀಟರ್ ನೀರು. ಮೋಡದ ದಿನ ಬಾಯಾರಿಕೆ ಆಗುವುದಿಲ್ಲ ಅಂತ ಬಿಡಬೇಡಿ, ಬೆವರು ಹೋಗಿರುತ್ತದೆ. ಉಪ್ಪು ಹಾಕಿದ ನೀರು ಮಜ್ಜಿಗೆ, ಸೌತೆಕಾಯಿ, ಬೇಯಿಸಿದ ಕಡಲೆಕಾಯಿ, ಚಿತ್ರಾನ್ನ. ರಾಮನವಮಿ ಹೊತ್ತಿಗೆ ಪಾನಕ ಕೋಸಂಬರಿ ಹಂಚುವುದು ಸುಮ್ನೆ ಬಂದ ಪದ್ಧತಿಯಾ? ಬೆಲ್ಲ, ನೀರು, ಏಲಕ್ಕಿ, ನೆನೆದ ಹೆಸರುಬೇಳೆ. ಬೆಟ್ಟಕ್ಕೂ ಅದೇ ಬೇಕು.

ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರ ಮಾಡಬೇಡಿ, ಮಟ್ಟವಾಗಿರಲಿ.

ಬಿಸಿಲಿಗೆ ಯಾರಾದರೂ ಕುಸಿದರೆ?

ಇದನ್ನು ನನ್ನ ತಪ್ಪಿನಿಂದಲೇ ಹೇಳಬೇಕು. ಒಂದು ಮಾರ್ಚ್‌ನಲ್ಲಿ ಮಧುಗಿರಿಗೆ ಹೊರಟೆವು. ದಾರಿಯಲ್ಲಿ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದೇ ಹೋಗೋಣ ಅಂದವನು ನಾನು. ಕ್ಯಾತ್ಸಂದ್ರ ಇರುವುದು ಬೆಂಗಳೂರು ಕಡೆ, ಮಧುಗಿರಿ ಇರುವುದು ಉಲ್ಟಾ ಕಡೆ. ಆದರೂ ಹೋದೆವು. ಬೆಟ್ಟದ ಬುಡ ಸೇರಿದಾಗ ಒಂಬತ್ತೂವರೆ. ಹನ್ನೊಂದರ ಹೊತ್ತಿಗೆ ಜೊತೆಯಲ್ಲಿದ್ದ ಗೆಳೆಯನ ಮಾತು ತೊದಲಲು ಶುರುವಾಯಿತು. ನಾವು ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆವು. ಆಮೇಲೆ ಅವನು ಸುಮ್ಮನೆ ಬಂಡೆ ಮೇಲೆ ಕೂತುಬಿಟ್ಟ, ಕರೆದರೆ ಬೇರೆ ಯಾವುದೋ ಕಡೆ ನೋಡಿದ.

ಕೋಟೆ ಗೋಡೆಯ ಒಂದು ಮೊಳ ನೆರಳಿಗೆ ಎಳೆದುಕೊಂಡು ಹೋಗಿ, ಶರ್ಟ್ ಬಿಚ್ಚಿ, ಇದ್ದ ನೀರೆಲ್ಲ ಕತ್ತು, ಕಂಕುಳು, ತೊಡೆ ಸಂದಿಗೆ ಸುರಿದು ಟವೆಲ್ಲಿನಲ್ಲಿ ಗಾಳಿ ಹಾಕಿದೆವು. ಇಪ್ಪತ್ತು ನಿಮಿಷಕ್ಕೆ ಚೇತರಿಸಿಕೊಂಡ. ಅವನು ಬದುಕಿದ್ದಕ್ಕೆ ನಮ್ಮ ಜಾಣತನ ಕಾರಣ ಅಲ್ಲ, ಅದೃಷ್ಟ. ಸುಸ್ತು, ವಾಂತಿ, ತಲೆನೋವು ಇದ್ದರೆ ನೆರಳು, ನೀರು, ಉಪ್ಪು ಸಾಕಾಗಬಹುದು. ಮಾತು ತೊದಲಿದರೆ, ದಿಕ್ಕು ತಪ್ಪಿದರೆ ಅದು ಬಿಸಿಲಿನ ಆಘಾತ. ತಕ್ಷಣ ಮೈ ತಣ್ಣಗೆ ಮಾಡುತ್ತಲೇ 108ಕ್ಕೆ ಫೋನ್ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಸುರಿಯಬೇಡಿ.

ಹೆಜ್ಜೇನು, ಕೋತಿ?

ಮಧುಗಿರಿಗೆ ಹೆಸರು ಬಂದದ್ದೇ ಜೇನಿನಿಂದ. ಬಂಡೆಯ ಅಂಚಿನಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಸೆಂಟ್ ಹಾಕಿಕೊಂಡು ಬರಬೇಡಿ, ಕಿರುಚಬೇಡಿ, ಕಲ್ಲೆಸೆಯಬೇಡಿ. ಎದ್ದರೆ ಮುಖ ಮುಚ್ಚಿಕೊಂಡು ಆ ಜಾಗ ಬಿಡಿ, ಕೈ ಬೀಸಿ ಹೊಡೆಯಬೇಡಿ. ಕೋತಿಗೆ ಕೈಯಲ್ಲಿರುವ ಪ್ಲಾಸ್ಟಿಕ್ ಕವರ್ ಕಂಡರೆ ಆಯಿತು, ಅದರಲ್ಲಿ ಚಪ್ಪಲಿ ಇದ್ದರೂ ಕಿತ್ತುಕೊಳ್ಳುತ್ತದೆ. ಎಲ್ಲ ಬ್ಯಾಗಿನೊಳಗೆ ಇರಲಿ.

ಸಹಾಯಾರ್ಥ ನಡಿಗೆಯನ್ನೂ ಬೆಟ್ಟದಲ್ಲೇ ಮಾಡಬಹುದಲ್ಲಾ?

ಮೊದಲ ವರ್ಷ ಹಾಗೇ ಯೋಚಿಸಿದ್ದೆವು. ಆಮೇಲೆ ಅರ್ಥವಾಯಿತು. ಸಹಾಯಕ್ಕೆ ಅಂತ ಬರುವವರಲ್ಲಿ ಅಜ್ಜಿ ಇರುತ್ತಾರೆ, ಕಂಕುಳಲ್ಲಿ ಕೂಸು ಇರುತ್ತದೆ, ಮಂಡಿ ನೋವಿನ ಮೇಷ್ಟ್ರು ಇರುತ್ತಾರೆ. ಬೇಕಾದಾಗ ಬಿಟ್ಟು ಹೋಗುವ ದಾರಿ ಬೇಕು. ಈಗ ಅಮಾನಿಕೆರೆಯಿಂದ ಹೊರಟು ಬಿ.ಎಚ್. ರಸ್ತೆ ಹಿಡಿದು ಕ್ಯಾತ್ಸಂದ್ರ, ಅಲ್ಲಿಂದ ಸಿದ್ಧಗಂಗಾ ಮಠದ ಕಡೆ. ಏಳೆಂಟು ಕಿಲೋಮೀಟರ್ ಇರಬಹುದು. ಮಳೆ ಬಂದರೆ ಉದ್ದಕ್ಕೂ ಅಂಗಡಿ ಸಾಲು, ಬಸ್ ಸ್ಟಾಪು. ಸಾಕಾದವರು ಬಸ್ ಹತ್ತಬಹುದು. ಮಠ ತಲುಪಿದರೆ ದಾಸೋಹ ಇದ್ದೇ ಇದೆ. ಶಿವಕುಮಾರ ಸ್ವಾಮೀಜಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಜಾಗ. ನಮ್ಮ ನೋಟ್‌ಬುಕ್ ಲೆಕ್ಕ ಅಲ್ಲಿ ಬಹಳ ಚಿಕ್ಕದಾಗಿ ಕಾಣುತ್ತದೆ.

ಮಳೆ ಬಂದು ನಡಿಗೆ ನಿಂತರೆ ಕೊಟ್ಟ ದುಡ್ಡು ವಾಪಸ್ ಕೊಡ್ತೀರಾ?

ಇಲ್ಲ. ದುಡ್ಡು ಕೊಟ್ಟದ್ದು ಮಕ್ಕಳ ನೋಟ್‌ಬುಕ್ಕಿಗೆ. ಮಳೆ ಬಂತು ಅಂತ ನೋಟ್‌ಬುಕ್ ಬೇಡವಾಗುವುದಿಲ್ಲ. ಇದನ್ನು ಹಣ ತೆಗೆದುಕೊಳ್ಳುವಾಗಲೇ ಹೇಳುತ್ತೇವೆ. ಕಿಲೋಮೀಟರಿಗೆ ಇಷ್ಟು ಅಂತ ಮಾತು ಕೊಟ್ಟವರು ನಡಿಗೆ ಅರ್ಧಕ್ಕೆ ನಿಂತರೆ ಅರ್ಧ ಕೊಡಬಹುದು. ಈವರೆಗೆ ಯಾರೂ ಹಾಗೆ ಲೆಕ್ಕ ಹಾಕಿಲ್ಲ. ಬಿಲ್ಲು, ರಸೀದಿ ಎಲ್ಲದರ ಫೋಟೋ ಗುಂಪಿಗೆ ಬರುತ್ತದೆ.

80ಜಿ ರಸೀದಿ ಸಿಗುತ್ತಾ?

ನಮ್ಮಿಂದ ಸಿಗುವುದಿಲ್ಲ, ನಾವು ನೋಂದಾಯಿಸಿಲ್ಲ. ತೆರಿಗೆ ವಿನಾಯಿತಿ ಬೇಕಾದವರು 80ಜಿ ಇರುವ ಟ್ರಸ್ಟಿಗೆ ಕೊಡಿ. ಅಲ್ಲೂ 2,000 ರೂಪಾಯಿ ಮೀರಿದ ನಗದಿಗೆ ವಿನಾಯಿತಿ ಇಲ್ಲ.

ಎಲ್ಲರೂ ಟೀ ಶರ್ಟ್ ಕೊಡ್ತಾರೆ. ನೀವ್ಯಾಕೆ ಕೊಡಲ್ಲ?

ಒಂದು ವರ್ಷ ಕೊಟ್ಟೆವು. ನಡಿಗೆ ಅಕ್ಟೋಬರ್‌ನಲ್ಲಿ ಇಟ್ಟಿದ್ದೆವು, ಟೀ ಶರ್ಟ್ ಮೇಲೆ ದೊಡ್ಡದಾಗಿ ತಾರೀಖು. ಹಿಂದಿನ ಸಂಜೆ ಚಿತ್ತೆ ಮಳೆ ತನ್ನ ಗುಣ ತೋರಿಸಿತು. ಶಾಮಿಯಾನದ ಮೇಲೆ ನೀರು ತುಂಬಿ ಹೊಟ್ಟೆ ಬಿಟ್ಟು, ರಾತ್ರಿ ಹನ್ನೊಂದಕ್ಕೆ ಕುಸಿಯಿತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ನಡಿಗೆ ಎರಡು ವಾರ ಮುಂದೆ ಹೋಯಿತು. ಆ ಟೀ ಶರ್ಟ್ ಈಗಲೂ ನಮ್ಮ ಮನೆಯಲ್ಲಿ ಗಾಡಿ ಒರೆಸುತ್ತಿವೆ. ಆ ದುಡ್ಡಿಗೆ ಎಷ್ಟು ನೋಟ್‌ಬುಕ್ ಬರುತ್ತಿತ್ತು ಅಂತ ನನ್ನ ಹೆಂಡತಿ ಆಗಾಗ ಲೆಕ್ಕ ಹೇಳುತ್ತಾಳೆ.

ನಮ್ಮ ಬಡಾವಣೆಯಲ್ಲಿ ನಾವೂ ಇಂಥ ನಡಿಗೆ ಮಾಡಬೇಕು ಅಂತಿದ್ದೀವಿ. ಮಳೆಗೆ ಏನು ತಯಾರಿ?

ಮೊದಲೇ ಎರಡು ತಾರೀಖು ಇಟ್ಟುಕೊಳ್ಳಿ. ಪೊಲೀಸ್ ಠಾಣೆಗೆ, ಪಾಲಿಕೆಗೆ ಕೊಡುವ ಪತ್ರದಲ್ಲೂ ಎರಡನ್ನೂ ಬರೆಯಿರಿ. ನಡಿಗೆ ಮುಂದೆ ಹೋದರೆ ಮತ್ತೆ ಅಲೆಯಬೇಕಾಗಿಲ್ಲ. ನಾವು ಅಕ್ಟೋಬರ್ ಬಿಟ್ಟು ಜೂನ್ ಕೊನೆಯ ವಾರಕ್ಕೆ ಬಂದಿದ್ದೇವೆ. ಶಾಲೆ ಶುರುವಾಗಿರುತ್ತದೆ, ಬಿಸಿಲಿರುವುದಿಲ್ಲ.

ಶಾಮಿಯಾನದ ಬದಲು ಶಾಲೆಯ ಜಗಲಿ, ಕಲ್ಯಾಣ ಮಂಟಪದ ಮುಂಭಾಗ, ಗಟ್ಟಿ ಸೂರಿರುವ ಯಾವುದಾದರೂ ಕೇಳಿ. ಫ್ಲೆಕ್ಸ್ ಬೇಡ. ಆಷಾಢದ ಗಾಳಿಗೆ ಹರಿದು ಯಾರದಾದರೂ ಬೈಕಿಗೆ ಸುತ್ತಿಕೊಳ್ಳುತ್ತದೆ. ಬಟ್ಟೆ ಬ್ಯಾನರ್ ಸಾಕು. ಹೆಸರು ಬರೆಯುವ ಪುಸ್ತಕಕ್ಕೆ ಪೆನ್ಸಿಲ್ ಇಡಿ. ಇಂಕ್ ಪೆನ್ನಿನಲ್ಲಿ ಬರೆದ ನಲವತ್ತು ಹೆಸರು ನಮ್ಮ ಕಣ್ಣ ಮುಂದೆಯೇ ನೀಲಿ ನೀರಾಗಿ ಹರಿದು ಹೋಗಿವೆ.

ಹೊರಡುವಾಗ ಎಣಿಸಿ, ಮುಗಿದಾಗ ಎಣಿಸಿ. ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ಮಳೆ ಬಂದ ತಕ್ಷಣ ಜನ ಹೇಳದೆ ಕೇಳದೆ ಆಟೋ ಹತ್ತಿ ಮನೆಗೆ ಹೋಗುತ್ತಾರೆ. ನಾವು ಒಮ್ಮೆ ಒಬ್ಬ ಯಜಮಾನರನ್ನು ಒಂದೂವರೆ ಗಂಟೆ ಹುಡುಕಿದೆವು. ಅವರು ಮನೆಯಲ್ಲಿ ಬಿಸಿ ನೀರು ಸ್ನಾನ ಮಾಡಿ, ಕಾಫಿ ಕುಡಿದು, “ಏನಪ್ಪಾ, ಮುಗೀತಾ?” ಅಂತ ಫೋನ್ ಮಾಡಿದರು. ಕೊನೆಯಲ್ಲಿ ನಡೆಯಲು ಒಬ್ಬರನ್ನು ನೇಮಿಸಿ. ಅವರ ಹಿಂದೆ ಯಾರೂ ಇರಬಾರದು.

ನಮ್ಮಪ್ಪಂಗೆ 68. ಕರ್ಕೊಂಡು ಬರಬಹುದಾ?

ಖಂಡಿತ. ಬಿಪಿ, ಶುಗರ್ ಇದ್ದರೆ ಡಾಕ್ಟರನ್ನು ಕೇಳಿ ಬನ್ನಿ. ಮಾತ್ರೆ ಜೊತೆಗಿರಲಿ, ಜೇಬಿನಲ್ಲಿ ಬೆಲ್ಲದ ಚೂರು ಇರಲಿ. ಖಾಲಿ ಹೊಟ್ಟೆಯಲ್ಲಿ ಬೇಡ. ನಮ್ಮ ಗುಂಪಿನಲ್ಲಿ ಮಳೆಗೆ ಹೆದರುವವರು ಇಪ್ಪತ್ತೈದರವರು. ಅರವತ್ತು ದಾಟಿದವರು ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು ಸುಮ್ನೆ ನಡೆಯುತ್ತಿರುತ್ತಾರೆ.

ತಟ್ಟೆ ಇಡ್ಲಿ ಮೊದಲೋ, ಬೆಟ್ಟ ಮೊದಲೋ?

ಬೆಟ್ಟ. ಇಡ್ಲಿ ಹನ್ನೊಂದಕ್ಕೂ ಸಿಗುತ್ತದೆ. ಚಟ್ನಿ ಖಾಲಿಯಾಗಿದ್ದರೆ ನನ್ನನ್ನು ಬೈಯಬೇಡಿ.